ಅಮ್ಮತ್ತಿಯ ಕಾಫಿ ಮೂಟೆಗೆ ಹೆಸರು ಸಿಗೋದು ಎಲ್ಲಿ? ಮಂಗಳೂರು ಹಳೇ ಬಂದರಿನಲ್ಲಿ ಒಂದು ನಡಿಗೆ

ನಮ್ಮ ಸಂಘದಲ್ಲಿ ಅಮ್ಮತ್ತಿ, ಸಿದ್ದಾಪುರ, ಪಾಲಿಬೆಟ್ಟ ಕಡೆಯವರು ಒಂದಷ್ಟು ಜನ ಇದ್ದೇವೆ. ಗೊತ್ತಿಲ್ಲದವರಿಗೆ ಹೇಳೋದಾದ್ರೆ, ಅಮ್ಮತ್ತಿ ಅನ್ನೋದು ಕೊಡಗಿನಲ್ಲಿ ವಿರಾಜಪೇಟೆಯಿಂದ ಸಿದ್ದಾಪುರಕ್ಕೆ ಹೋಗೋ ರಸ್ತೆಯಲ್ಲಿ ಸಿಗೋ ಪುಟ್ಟ ಪೇಟೆ. ಸುತ್ತ ಎಲ್ಲಿ ನೋಡಿದರೂ ಕಾಫಿ ತೋಟ, ಅದರಲ್ಲೂ ರೋಬಸ್ಟಾ. ಹೂಮಳೆ, ಕೊಯ್ಲು, ಕಣದಲ್ಲಿ ಒಣಗಿಸೋದು, ಕೊನೆಗೆ ಡೀಲರ್ ಗೋಡೌನಿನ ತಕ್ಕಡಿ, ಇಷ್ಟು ನಮಗೆಲ್ಲ ಗೊತ್ತು. ಅದಾದ ಮೇಲೆ ಮೂಟೆ ಎಲ್ಲಿಗೆ ಹೋಗುತ್ತೆ ಅಂತ ಯಾರಾದ್ರೂ ಕೇಳಿದ್ರೆ "ಎಕ್ಸ್‌ಪೋರ್ಟ್ ಆಗುತ್ತೆ" ಅಂತ ಹೇಳಿ ಸುಮ್ಮನಾಗ್ತೇವೆ.

ಆ ಒಂದು ಪದದ ಒಳಗೆ ಎಷ್ಟು ಕೆಲಸ, ಎಷ್ಟು ಜನ, ಎಷ್ಟು ಇತಿಹಾಸ ಇದೆ ಅಂತ ಕಣ್ಣಾರೆ ನೋಡೋಕೆ ಒಂದು ಒಳ್ಳೆ ಜಾಗ ಮಂಗಳೂರಿನ ಹಳೇ ಬಂದರು. ನಿಜ ಹೇಳಬೇಕಂದ್ರೆ ನಮ್ಮೂರಿಗೆ ಹತ್ತಿರದ ಹಳೇ ಬಂದರು ತಲಶ್ಶೇರಿ. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ ಘಾಟಿ ಇಳಿದ್ರೆ ಅದೇ ಕಡೆ ಹೋಗ್ತೇವೆ. ಹಿಂದೆ ಕೊಡಗಿನ ಕಾಫಿ ತಲಶ್ಶೇರಿಗೂ ಇಳೀತಿತ್ತು, ಸಂಪಾಜೆ ಘಾಟಿಯ ದಾರಿಯಲ್ಲಿ ಮಂಗಳೂರಿಗೂ ಇಳೀತಿತ್ತು. ನಾವು ಮಂಗಳೂರನ್ನು ಆರಿಸಿಕೊಂಡಿದ್ದಕ್ಕೆ ಕಾರಣ, ಅಲ್ಲಿ ಜೊತೆಗೆ ನಡೆದು ವಿವರಿಸೋಕೆ ಒಬ್ಬರು ಹಿರಿಯರು ಸಿಕ್ಕಿದ್ರು. ಬಂದರಿನ ಸಗಟು ಅಂಗಡಿಗಳಲ್ಲೇ ಜೀವನ ಕಳೆದವರು. ಅವರ ಜೊತೆ ಮೂರು ಗಂಟೆ ನಡೆದು ತಿಳಿದದ್ದನ್ನು, ಆಮೇಲೆ ಓದಿ ಸೇರಿಸಿಕೊಂಡದ್ದನ್ನು ಇಲ್ಲಿ ಬರೀತಿದ್ದೇವೆ.

ಬಂದರು ಅಲ್ಲೇ ಯಾಕೆ ಆಯ್ತು?

ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಪಶ್ಚಿಮಕ್ಕೆ ಇಳಿದ್ರೆ ಹತ್ತೇ ನಿಮಿಷದಲ್ಲಿ ಬಂದರು ಪ್ರದೇಶ. ಇಲ್ಲಿ ಎರಡು ನದಿಗಳು ಸಮುದ್ರ ಸೇರೋ ಮುಂಚೆ ಒಂದಾಗುತ್ತವೆ: ದಕ್ಷಿಣದಿಂದ ನೇತ್ರಾವತಿ, ಉತ್ತರದಿಂದ ಗುರುಪುರ ನದಿ, ಅಂದ್ರೆ ಫಲ್ಗುಣಿ. ನದಿಗೂ ಸಮುದ್ರಕ್ಕೂ ನಡುವೆ ಉದ್ದಕ್ಕೆ ಚಾಚಿಕೊಂಡ ಮರಳಿನ ಪಟ್ಟಿ ಇದೆ, ಅದೇ ಬೆಂಗ್ರೆ. ಅಲೆಯ ಹೊಡೆತವನ್ನು ಅದು ತಡೆಯುತ್ತೆ, ಒಳಗೆ ನೀರು ಶಾಂತ. ದೋಣಿ ನಿಲ್ಲಿಸೋಕೆ ಪ್ರಕೃತಿಯೇ ಕಟ್ಟಿಕೊಟ್ಟ ಜಾಗ.

ಆದ್ರೆ ಅದೇ ಪ್ರಕೃತಿ ಒಂದು ತೊಂದರೆಯನ್ನೂ ಇಟ್ಟಿದೆ. ಮಳೆಗಾಲದಲ್ಲಿ ನದಿಗಳು ತರೋ ಹೂಳು ಅಳಿವೆಯಲ್ಲಿ, ಅಂದ್ರೆ ನದಿ ಸಮುದ್ರ ಸೇರೋ ಬಾಯಲ್ಲಿ, ಮರಳಿನ ದಿಬ್ಬವಾಗಿ ನಿಲ್ಲುತ್ತೆ. ದೊಡ್ಡ ಹಡಗಿಗೆ ಬೇಕಾದ ಆಳ ಅಲ್ಲಿ ಇಲ್ಲ. ದಕ್ಕೆಯ ಮೇಲೆ ನಿಂತು ನಾವು "ಹಾಗಾದ್ರೆ ಹಡಗು ಎಲ್ಲಿ ನಿಲ್ತಿತ್ತು?" ಅಂತ ಕೇಳಿದಾಗ ಆ ಹಿರಿಯರು ನಕ್ಕು ಹೇಳಿದ್ದು: "ಹಡಗು ಇಲ್ಲಿ ತನಕ ಬರ್ತಾ ಇರ್ಲಿಲ್ಲ ಮಾರಾಯ್ರೆ, ಮಾಲೇ ಹಡಗಿನ ತನಕ ಹೋಗ್ತಿತ್ತು."

ಹಡಗು ಆಳ ಸಮುದ್ರದಲ್ಲಿ ಲಂಗರು ಹಾಕಿ ನಿಲ್ಲೋದು. ಗೋದಾಮಿನಿಂದ ದಕ್ಕೆಗೆ ತಲೆಹೊರೆ, ದಕ್ಕೆಯಿಂದ ಹಡಗಿಗೆ ದೋಣಿ. ಮಳೆಗಾಲ ಬಂತಂದ್ರೆ ಎಲ್ಲ ಬಂದ್. ಈ ಒಂದು ವಿಷಯ ತಿಳಿದ್ರೆ ಇಡೀ ಪ್ರದೇಶ ಅರ್ಥ ಆಗುತ್ತೆ. ಹಡಗು ಬರೋ ತನಕ ಮಾಲು ಕಾಯಬೇಕು, ಮಳೆ ಮುಗಿಯೋ ತನಕ ಕಾಯಬೇಕು. ಹಾಗಾಗಿ ಗೋದಾಮು ಬೇಕು. ಕಾಯೋ ಸಮಯದಲ್ಲಿ ಮಾಲನ್ನು ಒಣಗಿಸಬೇಕು, ಆರಿಸಬೇಕು, ತೂಗಬೇಕು, ಯಾರಾದ್ರೂ ಸಾಲ ಕೊಡಬೇಕು. ಬಂದರು ಅಂದ್ರೆ ಬರೀ ಹಡಗಲ್ಲ, ಈ ಕಾಯೋ ಕೆಲಸವೇ ಬಂದರು.

ತಲೆ ಎತ್ತಿ ನೋಡಿ: ಹೆಂಚು

ಬಂದರಿನ ರಸ್ತೆಗಳಲ್ಲಿ ಇವತ್ತೂ ಸಗಟು ಮಂಡಿಗಳಿವೆ. ಅಕ್ಕಿ, ಮೆಣಸು, ಒಣಮೀನು, ಹಗ್ಗ, ಬಲೆ. ಲಾರಿ, ಹಮಾಲಿಗಳು, ಸ್ಕೂಟರ್ ನಡುವೆ ನಡೆಯೋವಾಗ ಎಲ್ಲರೂ ಕೆಳಗೇ ನೋಡ್ತಾರೆ. ಆದ್ರೆ ಇಲ್ಲಿ ನೋಡಬೇಕಾದ್ದು ಮೇಲೆ, ಹಳೇ ಗೋದಾಮುಗಳ ಕೆಂಪು ಹೆಂಚಿನ ಮಾಡು.

ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅನ್ನೋ ಮಿಷನರಿ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ರು. ನದಿಯ ಜೇಡಿಮಣ್ಣು, ಸಾಗಿಸೋಕೆ ದೋಣಿ, ಮಾರೋಕೆ ಬಂದರು, ಮೂರೂ ಒಂದೇ ಕಡೆ. ಅಲ್ಲಿಂದ 'ಮಂಗಳೂರು ಹೆಂಚು' ಅನ್ನೋ ಹೆಸರು ಕರಾವಳಿ ದಾಟಿ ಸಮುದ್ರದಾಚೆಗೂ ಹೋಯ್ತು. ಹೆಂಚಿನ ಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತೆ. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಹಳೇ ಮನೆಯ ಅಟ್ಟ ಹತ್ತಿ ಹೆಂಚಿನ ಅಡಿಭಾಗ ಓದಿ ನೋಡಿ.

ಗಮನಿಸಿ, ಜೇಡಿಮಣ್ಣು ಯಾವ ಹಳ್ಳಿಯ ಗದ್ದೆಯದೋ ಏನೋ, ಹೆಸರು ಮಾತ್ರ ಮಂಗಳೂರಿನದು. ಈ ಮಾತು ಕಾಫಿಗೆ ಬಂದಾಗ ಮತ್ತೆ ಬೇಕಾಗುತ್ತೆ.

ಬಾಸೆಲ್ ಮಿಷನ್‌ನಿಂದ ನಮ್ಮೂರಿಗೂ ಒಂದು ಎಳೆ ಇದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂದದ್ದು ಇದೇ ಊರಿನಲ್ಲಿ ಅಂತ ಶಾಲೆಯಲ್ಲಿ ಓದಿರ್ತೀರಿ. ಅದರ ಸಂಪಾದಕ ಹರ್ಮನ್ ಮೊಗ್ಲಿಂಗ್ ಮುಂದೆ 1850ರ ದಶಕದಲ್ಲಿ ಕೊಡಗಿಗೆ ಬಂದ್ರು. ಅಮ್ಮತ್ತಿ ಹತ್ತಿರದ ಆನಂದಪುರ ಅವರ ಕಾಲದಲ್ಲಿ ಹುಟ್ಟಿದ ಊರು. ಘಾಟಿಯ ದಾರಿಯಲ್ಲಿ ಕಾಫಿ ಕೆಳಗಿಳಿದ ಹಾಗೆ ಉಪ್ಪು, ಒಣಮೀನು, ಜನ, ಅಕ್ಷರ ಮೇಲಕ್ಕೂ ಹತ್ತಿವೆ.

ಬೊಮ್ಮನ ಯಜಮಾನನ ಅಂಗಡಿ

ಮುಂದಿನ ನಿಲ್ದಾಣ ಝೀನತ್ ಬಕ್ಷ್ ಜುಮ್ಮಾ ಮಸೀದಿ. ಕ್ರಿ.ಶ. 644ರಲ್ಲಿ ಅರಬ್ ವ್ಯಾಪಾರಿಗಳ ಜೊತೆ ಬಂದವರು ಕಟ್ಟಿಸಿದ್ದು ಅನ್ನೋದು ಇಲ್ಲಿನ ಪರಂಪರೆಯ ನಂಬಿಕೆ. ಒಳಗಿನ ಕೆತ್ತನೆಯ ಮರದ ಕಂಬಗಳನ್ನು ನೋಡಿದ್ರೆ ಇದು ಕರಾವಳಿಯ ಬಡಗಿಗಳ ಕೈಕೆಲಸ ಅಂತ ಗೊತ್ತಾಗುತ್ತೆ. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತ ಈ ಊರನ್ನು 'ಮಂಜರೂರ್' ಅಂತ ಕರೆದು, ಪರ್ಷಿಯಾ ಮತ್ತು ಯೆಮೆನ್ ವ್ಯಾಪಾರಿಗಳು ಇಳಿಯೋ ಜಾಗ, ಮೆಣಸು ಮತ್ತು ಶುಂಠಿ ಇಲ್ಲಿ ಹೇರಳ ಅಂತ ಬರೆದಿದ್ದಾನೆ.

ಅದಕ್ಕೂ ಇನ್ನೂರು ವರ್ಷ ಮುಂಚೆ, 12ನೇ ಶತಮಾನದಲ್ಲಿ, ಟ್ಯುನೀಶಿಯಾ ಮೂಲದ ಅಬ್ರಹಾಂ ಬೆನ್ ಯಿಜು ಅನ್ನೋ ಯಹೂದಿ ವ್ಯಾಪಾರಿ ಸುಮಾರು 17 ವರ್ಷ ಮಂಗಳೂರಿನಲ್ಲಿದ್ದ. ಇಲ್ಲಿನವಳಾದ ಅಶು ಅನ್ನೋಳನ್ನು ಮದುವೆಯಾದ. ಮೆಣಸು, ಕಬ್ಬಿಣ, ಅಡಿಕೆ ಏಡನ್‌ಗೆ ಕಳಿಸ್ತಿದ್ದ. ಏಡನ್ನಿನ ಗೆಳೆಯರು ಹಳೇ ಕಂಚಿನ ಪಾತ್ರೆಗಳನ್ನು ಕಳಿಸಿ, ಕರಗಿಸಿ ಹೊಸದು ಮಾಡಿಸಿಕೊಡು ಅಂತ ಕೇಳ್ತಿದ್ರು. ಅವನಿಗೆ ಇಲ್ಲೊಂದು ಕಂಚಿನ ಕಾರ್ಖಾನೆಯೇ ಇತ್ತು. ಅವನ ಪರವಾಗಿ ಸಮುದ್ರ ದಾಟಿ ವ್ಯವಹಾರ ಮಾಡ್ತಿದ್ದ ದಾಸನ ಹೆಸರು ಬೊಮ್ಮ. ಇಷ್ಟೆಲ್ಲ ಗೊತ್ತಾಗಿದ್ದು ಕೈರೋದ ಯಹೂದಿ ಮಂದಿರವೊಂದರಲ್ಲಿ ಉಳಿದಿದ್ದ ಕಾಗದಗಳಿಂದ. ಅಮಿತಾವ್ ಘೋಷ್ ಅವರ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' ಪುಸ್ತಕದಲ್ಲಿ ಈ ಕಥೆ ಇದೆ, ಲೈಬ್ರರಿಯಲ್ಲಿ ಸಿಕ್ಕಿದ್ರೆ ಬಿಡಬೇಡಿ. ಆ ಕಾಗದಗಳಲ್ಲಿ ಮೆಣಸಿನ ಲೆಕ್ಕ ಇದೆ. ಬೆಳೆದ ರೈತನ ಹೆಸರು ಇಲ್ಲ.

ಮಳೆಯನ್ನೇ ಮೆಷಿನ್ ಮಾಡಿದ ಕಾಫಿ

ಈಗ ನಮ್ಮ ಕಾಫಿಗೆ ಬರೋಣ. ಅಮ್ಮತ್ತಿಯಲ್ಲಿ ನಾವು ಮಾರೋದು ಹೆಚ್ಚಾಗಿ ಚೆರ್ರಿ, ಅಂದ್ರೆ ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ್ದು. 50 ಕೆ.ಜಿ. ಚೆರ್ರಿಯಿಂದ ಸಿಪ್ಪೆ ಹೋಗಿ ಎಷ್ಟು ಕೆ.ಜಿ. ಬೀಜ ಸಿಗುತ್ತೆ ಅನ್ನೋ ಲೆಕ್ಕಕ್ಕೆ 'ಓಟಿ' ಅಂತಾರೆ. ಡೀಲರ್ ತೇವಾಂಶ ನೋಡಿ, ಓಟಿ ನೋಡಿ ರೇಟು ಹೇಳ್ತಾರೆ. ಅಲ್ಲಿಂದ ಮುಂದಿನ ಕೆಲಸವೇ ಕ್ಯೂರಿಂಗ್: ಸಿಪ್ಪೆ ತೆಗೆಯೋದು, ಜರಡಿ ಹಿಡಿದು ಗಾತ್ರದ ಪ್ರಕಾರ ಬೇರೆ ಮಾಡೋದು, ಕಪ್ಪು ಬೀಜ, ಒಡೆದ ಬೀಜ ಆರಿಸಿ ತೆಗೆಯೋದು. ಮಂಗಳೂರಿನಲ್ಲಿ ಪಿಯರ್ಸ್ ಲೆಸ್ಲಿಯಂಥ ಕಂಪನಿಗಳು ಕ್ಯೂರಿಂಗ್ ವರ್ಕ್ಸ್ ನಡೆಸ್ತಿದ್ವು. ಬೀಜ ಆರಿಸೋ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳದು. ಇವತ್ತು ಆ ಕೆಲಸದ ಬಹುಪಾಲು ಬಣ್ಣ ಗುರುತಿಸೋ ಸೆನ್ಸರ್ ಮೆಷಿನ್ ಮಾಡುತ್ತೆ.

ಇನ್ನೊಂದು ವಿಷಯ ಎಂಜಿನಿಯರಿಂಗ್ ಓದೋರಿಗೆ ಖಂಡಿತ ಇಷ್ಟ ಆಗುತ್ತೆ. ಹಾಯಿ ಹಡಗಿನ ಕಾಲದಲ್ಲಿ ಕಾಫಿ ಆಫ್ರಿಕಾ ಸುತ್ತಿ ಯುರೋಪ್ ತಲುಪೋಕೆ ತಿಂಗಳುಗಟ್ಟಲೆ ಬೇಕಿತ್ತು. ಮರದ ಹಡಗಿನೊಳಗೆ ತೇವ ಕುಡಿದು ಕುಡಿದು ಬೀಜ ಉಬ್ಬಿ, ಹಸಿರು ಹೋಗಿ ಹೊಂಬಣ್ಣಕ್ಕೆ ತಿರುಗ್ತಿತ್ತು. ಹುಳಿ ಕಡಿಮೆಯಾಗಿ ರುಚಿಯೇ ಬೇರೆ ಆಗ್ತಿತ್ತು. ಅಲ್ಲಿನ ಜನಕ್ಕೆ ಅದೇ ಅಭ್ಯಾಸ ಆಯ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿ ಹಡಗು ಬಂದ ಮೇಲೆ ಪ್ರಯಾಣ ಚಿಕ್ಕದಾಯ್ತು, ಬೀಜ ಹಸಿರಾಗೇ ತಲುಪೋಕೆ ಶುರುವಾಯ್ತು. ಗಿರಾಕಿಗಳಿಗೆ ಹಳೇ ರುಚಿಯೇ ಬೇಕು!

ಪರಿಹಾರ ಸಿಕ್ಕಿದ್ದು ಕರಾವಳಿಯ ಗೋದಾಮಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ, ಗಾಳಿಯಾಡೋ ಗೋದಾಮಿನ ನೆಲದ ಮೇಲೆ ಬೀಜವನ್ನು ಒಂದು ಗೇಣಿಗಿಂತ ಕಡಿಮೆ ದಪ್ಪಕ್ಕೆ ಹರಡಿ ಆಗಾಗ ಕೆದಕ್ತಾರೆ. ಆಮೇಲೆ ಸಡಿಲವಾಗಿ ಮೂಟೆಗೆ ತುಂಬಿ, ನಡುವೆ ಗಾಳಿ ಹೋಗೋ ಹಾಗೆ ಸಾಲು ಇಡ್ತಾರೆ. ಮತ್ತೆ ಸುರಿದು ಮತ್ತೆ ತುಂಬ್ತಾರೆ. ಹೀಗೆ 12ರಿಂದ 16 ವಾರ. ಮುಂಗಾರಿನ ಗಾಳಿಯೇ ಮೆಷಿನ್, ಬೇರೆ ಇಂಧನ ಬೇಡ. ಮಳೆಗಾಲದಲ್ಲಿ ಬಂದರು ಬಂದ್ ಆಗೋದು ಶಾಪ ಅಂದುಕೊಂಡಿದ್ರೆ, ಅದೇ ಕಾಯೋ ಸಮಯವನ್ನು ಇವರು ಮಾಲಿನ ಬೆಲೆ ಮಾಡಿದ್ರು.

ಇದೇ 'ಮಾನ್ಸೂನ್ಡ್ ಮಲಬಾರ್'. ಅರೇಬಿಕಾ, ರೋಬಸ್ಟಾ ಎರಡರಲ್ಲೂ ಇದೆ, ಎರಡಕ್ಕೂ ಜಿಐ ಟ್ಯಾಗ್ ಇದೆ. ಹೆಸರಿನಲ್ಲಿ ಮಳೆ ಇದೆ, ಕರಾವಳಿ ಇದೆ. ಬೀಜ ಬೆಳೆದ ಘಟ್ಟದ ಮೇಲಿನ ಊರು ಇಲ್ಲ. ಮಂಗಳೂರು ಹೆಂಚಿನ ಕಥೆಯೂ ಇದೇ ಅಲ್ವಾ? ಮಾಲು ಹುಟ್ಟೋದು ಒಂದು ಕಡೆ, ಅದಕ್ಕೆ ಹೆಸರು ಮತ್ತು ಬೆಲೆ ಸಿಗೋದು ಕೊನೆಯ ಕೆಲಸ ನಡೆಯೋ ಕಡೆ. ಈ ನಡಿಗೆಯಿಂದ ನಾವು ತಂದ ಮುಖ್ಯ ಪಾಠ ಇಷ್ಟೇ.

ಬಂದರು ಎಲ್ಲಿಗೆ ಹೋಯ್ತು?

ಹೂಳು ತುಂಬೋ ಅಳಿವೆಯನ್ನು ಬಿಟ್ಟು, ಸುಮಾರು 10 ಕಿ.ಮೀ. ಉತ್ತರಕ್ಕೆ ಪಣಂಬೂರಿನಲ್ಲಿ ನೆಲವನ್ನೇ ಅಗೆದು ಆಳವಾದ ಬಂದರು ಮಾಡಿದ್ರು. ನವ ಮಂಗಳೂರು ಬಂದರು 1974ರ ಮೇ 4ರಂದು ಪ್ರಮುಖ ಬಂದರು ಅಂತ ಘೋಷಣೆಯಾಗಿ, 1975ರ ಜನವರಿ 11ರಂದು ಉದ್ಘಾಟನೆಯಾಯ್ತು. ದೊಡ್ಡ ಹಡಗು ನೇರವಾಗಿ ದಡಕ್ಕೇ ಬರುತ್ತೆ. ತಲೆಹೊರೆ ಇಲ್ಲ, ದೋಣಿ ಇಲ್ಲ, ಕಾಯೋದೂ ಕಡಿಮೆ. ಹಳೇ ಬಂದರಿನಲ್ಲಿ ಉಳಿದದ್ದು ಮೀನುಗಾರಿಕೆ ದಕ್ಕೆ, ಬೆಂಗ್ರೆಗೆ ಹೋಗೋ ದೋಣಿ, ಲಕ್ಷದ್ವೀಪಕ್ಕೆ ಸಾಮಾನು ಒಯ್ಯೋ ಮಂಜಿಗಳು. ಕ್ಯೂರಿಂಗ್ ಕೂಡ ಬಹಳಷ್ಟು ಮೇಲಕ್ಕೆ ಬಂದಿದೆ. ಕುಶಾಲನಗರದ ಕೂಡ್ಲೂರಿನಲ್ಲೇ ಸಾಲು ಸಾಲು ಕ್ಯೂರಿಂಗ್ ವರ್ಕ್ಸ್ ಇವೆ.

ಹಾಗಾಗಿ ಹಳೇ ಗೋದಾಮುಗಳಿಗೆ ಕೆಲಸ ಇಲ್ಲ. ನಾವು ನಡೆದ ದಾರಿಯಲ್ಲೇ ಕೆಲವು ಕುಸಿದಿವೆ, ಕೆಲವು ಪಾರ್ಕಿಂಗ್ ಆಗಿವೆ. ಯಾವುದಕ್ಕೂ ಬೋರ್ಡ್ ಇಲ್ಲ. ಈ ಬಾಗಿಲಲ್ಲಿ ಮೆಣಸು ಇಳೀತಿತ್ತು, ಆ ಅಂಗಳದಲ್ಲಿ ಹುಡುಗಿಯರು ಕೂತು ಬೀಜ ಆರಿಸ್ತಿದ್ರು ಅಂತ ಹೇಳೋಕೆ ಆ ಹಿರಿಯರಂಥವರು ಬೇಕು. ಕಟ್ಟಡ ಬಿದ್ರೆ ಫೋಟೋ ಆದ್ರೂ ಉಳಿಯುತ್ತೆ. ಅವರ ತಲೆಯಲ್ಲಿರೋದನ್ನು ಯಾರೂ ಬರೆದಿಟ್ಟಿಲ್ಲ.

ಇನ್ನೊಂದು ಕಡೆ ನಮಗೆ ಒಂದು ಅವಕಾಶವೂ ಕಾಣುತ್ತೆ. 2019ರಲ್ಲಿ 'ಕೂರ್ಗ್ ಅರೇಬಿಕಾ'ಗೆ ಜಿಐ ಸಿಕ್ಕಿತು, ಅಂದ್ರೆ ನಮ್ಮ ನೆಲದ ಹೆಸರು ಒಂದು ಕಾಫಿಗೆ ಅಂಟಿಕೊಂಡಿದೆ. ಕೊನೆಯ ಕೆಲಸ ಈಗ ಘಾಟಿ ಹತ್ತಿ ನಮ್ಮ ಹತ್ತಿರವೇ ಬಂದಿದೆ. ತೇವಾಂಶ ಅಳೆಯೋದು, ವಿಂಗಡಿಸೋದು, ರುಚಿ ನೋಡೋದು, ಇವೆಲ್ಲ ನಾವು ಓದ್ತಿರೋ ಸೆನ್ಸರ್, ಡೇಟಾ, ಮೆಷಿನ್‌ಗಳ ಕೆಲಸವೇ. ಅಮ್ಮತ್ತಿ ರೋಬಸ್ಟಾಗೆ ಅಮ್ಮತ್ತಿಯ ಹೆಸರೇ ಇರಬೇಕಂದ್ರೆ ಮೂಟೆ ಗೇಟು ದಾಟಿದ ಮೇಲಿನ ಕೆಲಸವನ್ನೂ ನಮ್ಮವರು ಕಲೀಬೇಕು.

ನೀವು ಹೋಗೋದಾದ್ರೆ

ಬೆಳಿಗ್ಗೆ ಏಳಕ್ಕೆ ಶುರು ಮಾಡಿ, ದಕ್ಕೆಯಲ್ಲಿ ಮೀನು ಹರಾಜು ನೋಡಬಹುದು. ಜೂನ್, ಜುಲೈ ಎರಡು ತಿಂಗಳು ಟ್ರಾಲಿಂಗ್ ನಿಷೇಧ ಇರೋದ್ರಿಂದ ಆಗ ದಕ್ಕೆ ಖಾಲಿ. ನೆಲ ಒದ್ದೆ ಇರುತ್ತೆ, ಜಾರದ ಚಪ್ಪಲಿ ಹಾಕಿ. ಶುಕ್ರವಾರ ಮಧ್ಯಾಹ್ನ ಮಸೀದಿಯಲ್ಲಿ ನಮಾಜಿನ ಹೊತ್ತು, ಬೇರೆ ದಿನ ಕೇಳಿಕೊಂಡು ಒಳಗೆ ಹೋಗಿ. ಕೆಲಸ ಮಾಡೋರ ಫೋಟೋ ಕೇಳದೆ ತೆಗೀಬೇಡಿ, ಹಮಾಲಿಗಳ ದಾರಿಗೆ ಅಡ್ಡ ನಿಲ್ಲಬೇಡಿ. ಬೆಂಗ್ರೆ ದೋಣಿ ಹತ್ತಿ ನದಿಯ ನಡುವಿನಿಂದ ಬಂದರನ್ನು ನೋಡೋದು ಮರೀಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲೇ ದುಡಿದ ಒಬ್ಬರನ್ನು ಜೊತೆಗೆ ಕರ್ಕೊಳ್ಳಿ, ಫೋನಿನಲ್ಲಿ ಅವರ ಮಾತು ರೆಕಾರ್ಡ್ ಮಾಡೋಕೆ ಒಪ್ಪಿಗೆ ಕೇಳಿ. ಅಂಥ ರೆಕಾರ್ಡಿಂಗ್ ಸಿಕ್ಕಿದ್ರೆ ನಮ್ಮ ಸಂಘಕ್ಕೂ ಒಂದು ಪ್ರತಿ ಕಳಿಸಿ. ಕೇಳಿ ಬರೆದಿಡೋ ಕೆಲಸ ನಾವು ಮಾಡ್ತೇವೆ.