ಮರೆಯಲ್ಲಿ ನಿಂತವರ ಗೆಲುವು

ಗೆದ್ದಾಗ ಹಾರ ಆಟಗಾರನ ಕೊರಳಿಗೆ, ಸೋತಾಗ ದೂರು ತರಬೇತುದಾರನ ತಲೆಗೆ ಎಂಬುದು ಕ್ರೀಡಾಲೋಕದ ರೂಢಿ. ಆಟಗಾರನಾಗಿ ಶಿಖರವನ್ನು ಮುಟ್ಟಿದವನೊಬ್ಬ ಈ ಮರೆಯ ಕೆಲಸವನ್ನು ತಾನಾಗಿಯೇ ಆರಿಸಿಕೊಂಡರೆ, ಅದು ನಮ್ಮ ಚಿಂತನೆಗೆ ಯೋಗ್ಯವಾದ ಸಂಗತಿ. ಕನ್ನಡ ನಾಡಿನ ರಾಹುಲ್ ದ್ರಾವಿಡರ ವೃತ್ತಿಜೀವನ ಅಂಥದೊಂದು ನಿದರ್ಶನ.

1973ರಲ್ಲಿ ಇಂದೂರಿನಲ್ಲಿ ಜನಿಸಿ ಬೆಂಗಳೂರಿನಲ್ಲಿ ಬೆಳೆದ ದ್ರಾವಿಡರು ಓದಿದ್ದು ಯೇಸುಸಭೆಯ ಗುರುಗಳು ನಡೆಸುವ ಸಂತ ಜೋಸೆಫರ ಬಾಲಕರ ಪ್ರೌಢಶಾಲೆಯಲ್ಲಿ, ಅನಂತರ ಸಂತ ಜೋಸೆಫರ ವಾಣಿಜ್ಯ ಕಾಲೇಜಿನಲ್ಲಿ. ಎಳವೆಯಲ್ಲಿ ಅವರ ಪ್ರತಿಭೆಯನ್ನು ಗುರುತಿಸಿ ತಿದ್ದಿದವರು ಕೇಕಿ ತಾರಾಪೋರ್ ಎಂಬ ತರಬೇತುದಾರರು. 1996ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಆಡಿದ ಮೊದಲ ಟೆಸ್ಟಿನಲ್ಲಿಯೇ 95 ರನ್ನು. 2012ರಲ್ಲಿ ನಿವೃತ್ತರಾಗುವ ಹೊತ್ತಿಗೆ 164 ಟೆಸ್ಟುಗಳಲ್ಲಿ 13,288 ರನ್ನು.

ಇಷ್ಟು ಕೀರ್ತಿವಂತರು ನೇರವಾಗಿ ರಾಷ್ಟ್ರೀಯ ತಂಡದ ಹೊಣೆಯನ್ನೇ ಬಯಸಿದ್ದರೆ ಯಾರೂ ಅಚ್ಚರಿಪಡುತ್ತಿರಲಿಲ್ಲ. ಆದರೆ 2015ರಲ್ಲಿ ಅವರು ಒಪ್ಪಿಕೊಂಡದ್ದು ಭಾರತ ‘ಎ’ ತಂಡ ಹಾಗೂ 19 ವರ್ಷದೊಳಗಿನ ಹುಡುಗರ ತರಬೇತಿಯನ್ನು. ತಂಡದೊಡನೆ ಪ್ರವಾಸಕ್ಕೆ ಬಂದ ಯಾವ ಆಟಗಾರನೂ ಒಂದು ಪಂದ್ಯವನ್ನಾದರೂ ಆಡದೆ ಹಿಂದಿರುಗಬಾರದು ಎಂಬುದು ಅವರ ನಿಯಮವಾಗಿತ್ತು. ಅವಕಾಶವಿಲ್ಲದೆ ಬೆಂಚಿನ ಮೇಲೆ ಕುಳಿತ ಹುಡುಗನ ಸಂಕಟವನ್ನು ಅವರು ಬಲ್ಲವರಾಗಿದ್ದರು.

ಈ ಹುಡುಗರು 2016ರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಸೋತರು. 2018ರಲ್ಲಿ ನ್ಯೂಜಿಲೆಂಡಿನಲ್ಲಿ ಗೆದ್ದರು. ಗೆದ್ದಾಗ ಕ್ರಿಕೆಟ್ ಮಂಡಳಿ ದ್ರಾವಿಡರಿಗೆ 50 ಲಕ್ಷ, ಆಟಗಾರರಿಗೆ ತಲಾ 30 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಘೋಷಿಸಿತು. ತನ್ನೊಡನೆ ದುಡಿದ ಸಿಬ್ಬಂದಿಗೂ ತನಗೂ ಈ ಅಂತರ ಸಲ್ಲದೆಂದು ಅವರು ತಕರಾರು ತೆಗೆದರು. ಕೊನೆಗೆ ಎಲ್ಲರಿಗೂ ಸಮನಾಗಿ 25 ಲಕ್ಷವೆಂದು ನಿಗದಿಯಾಯಿತು. ಅವರ ಪಾಲು ಅರ್ಧಕ್ಕಿಳಿಯಿತು.

2019ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮುಖ್ಯಸ್ಥರಾದ ಅವರು, 2021ರ ನವೆಂಬರಿನಲ್ಲಿ ಭಾರತ ತಂಡದ ಮುಖ್ಯ ತರಬೇತುದಾರರಾದರು. ಮುಂದಿನ ಹಾದಿ ಸುಗಮವಾಗಿರಲಿಲ್ಲ. 2023ರ ವಿಶ್ವಕಪ್ಪಿನಲ್ಲಿ ಸತತ 10 ಪಂದ್ಯಗಳನ್ನು ಗೆದ್ದ ತಂಡ ನವೆಂಬರ್ 19ರಂದು ಅಹಮದಾಬಾದಿನ ಅಂತಿಮ ಪಂದ್ಯದಲ್ಲಿ ಮುಗ್ಗರಿಸಿತು. ಒಪ್ಪಂದದ ಅವಧಿ ಅಲ್ಲಿಗೆ ಮುಗಿದಿತ್ತು. ನಾಯಕ ರೋಹಿತ್ ಶರ್ಮಾ ದೂರವಾಣಿಯಲ್ಲಿ ಕೇಳಿಕೊಂಡ ಮೇಲೆ ಅವರು ಮುಂದುವರಿದರು.

2007ರಲ್ಲಿ ದ್ರಾವಿಡರ ನಾಯಕತ್ವದ ತಂಡ ವಿಶ್ವಕಪ್ಪಿನ ಮೊದಲ ಸುತ್ತಿನಲ್ಲಿಯೇ ಹೊರಬಿದ್ದದ್ದು ವೆಸ್ಟ್ ಇಂಡೀಸಿನ ನೆಲದಲ್ಲಿ. ಅದೇ ದ್ವೀಪಸಮೂಹದ ಬಾರ್ಬಡೋಸಿನಲ್ಲಿ 2024ರ ಜೂನ್ 29ರಂದು ಭಾರತ ದಕ್ಷಿಣ ಆಫ್ರಿಕವನ್ನು 7 ರನ್ನುಗಳಿಂದ ಸೋಲಿಸಿ ಟಿ20 ವಿಶ್ವಕಪ್ಪನ್ನು ಗೆದ್ದಿತು. ಆ ದಿನ ಆಡಿದ ರಿಷಭ್ ಪಂತ್ 2016ರ, ಅರ್ಶದೀಪ್ ಸಿಂಗ್ 2018ರ ಹುಡುಗರ ತಂಡಗಳಲ್ಲಿ ಅವರ ಶಿಷ್ಯರಾಗಿದ್ದವರು. ಅಂದು ಬಿತ್ತಿದ್ದು ಇಂದು ತೆನೆಯಾಯಿತು.

ಮರುವರ್ಷವೇ ಅವರು ತರಬೇತಿ ನೀಡಿದ ರಾಜಸ್ಥಾನ ರಾಯಲ್ಸ್ ಐಪಿಎಲ್‌ನ 10 ತಂಡಗಳಲ್ಲಿ 9ನೆಯ ಸ್ಥಾನಕ್ಕಿಳಿಯಿತು. 2025ರ ಆಗಸ್ಟಿನಲ್ಲಿ ಅವರು ಆ ಹುದ್ದೆಯನ್ನು ತೊರೆದರು. ನಿನ್ನೆಯ ಗೆಲುವು ನಾಳೆಗೆ ಜಾಮೀನಾಗದು.

ಮನೆ ಕಟ್ಟುತ್ತಲೇ ಮನುಷ್ಯ ಶಿಲ್ಪಿಯಾಗುವಂತೆ ನ್ಯಾಯವಾಗಿ ನಡೆಯುತ್ತಲೇ ನ್ಯಾಯವಂತನಾಗುತ್ತಾನೆ ಎಂಬುದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನ ವಿಚಾರ. ಅಂಥ ಅಭ್ಯಾಸಕ್ಕೆ ಮಕ್ಕಳನ್ನು ಹಚ್ಚಿ, ಫಲವನ್ನು ಅವರಿಗೇ ಬಿಟ್ಟುಕೊಡುವವನು ನಿಜವಾದ ಗುರು.

ಬೆಳಕವಾಡಿಯವರಾದ ನಮಗೆ ಇದು ಅಪರಿಚಿತವಲ್ಲ. ನೆರೆಯ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯ ನೀರಿನಿಂದ ಉತ್ಪಾದಿಸಿದ ವಿದ್ಯುತ್ತು ಹರಿದದ್ದು ದೂರದ ಕೋಲಾರದ ಚಿನ್ನದ ಗಣಿಗಳಿಗೆ. ದುಡಿಮೆ ಒಂದೆಡೆ, ಅದರ ಫಲ ಮತ್ತೊಂದೆಡೆ.

ನಮ್ಮ ಮಕ್ಕಳಲ್ಲಿ ಒಬ್ಬರು ತಾನು ಶಿಕ್ಷಕನಾಗುವೆ, ದಾದಿಯಾಗುವೆ, ಆಟ ಕಲಿಸುವೆ ಎಂದಾಗ, ‘ಅದರಿಂದ ಹೆಸರು ಬರುವುದೇ?’ ಎಂದು ಕೇಳಿ ಉತ್ಸಾಹವನ್ನು ಕುಗ್ಗಿಸದಿರೋಣ. ಊರಿನ ಆಟದ ಬಯಲಿನಲ್ಲಿ ತಂಡ ಕಟ್ಟುವಾಗ, ಅಂಚಿನಲ್ಲಿ ನಿಂತು ನೋಡುತ್ತಿರುವ ಹುಡುಗನಿಗೂ ಒಮ್ಮೆ ದಾಂಡು ಕೊಡೋಣ.