ದೋಣಿಯ ಹೊಟ್ಟೆಯೊಳಗೆ ಪೆಟ್ರೋಲ್ ಟ್ಯಾಂಕ್

ಮಲ್ಪೆ, ಗಂಗೊಳ್ಳಿ ಕಡೆಯ ನಾಡದೋಣಿ ನೋಡಿದವರಿಗೆ ಈ ದೃಶ್ಯ ಗೊತ್ತು: ಹಿಂಬದಿಯಲ್ಲಿ ಔಟ್‌ಬೋರ್ಡ್ ಎಂಜಿನ್, ಪಕ್ಕದಲ್ಲಿ ಒಂದೆರಡು ಕ್ಯಾನು, ನಡುವೆ ಒಂದು ಪೈಪು. ಸೀಮೆಎಣ್ಣೆಯೋ ಪೆಟ್ರೋಲೋ, ವ್ಯವಸ್ಥೆ ಇಷ್ಟೇ. ಆದರೆ ಕ್ಯಾನು ಕಾಲಿಗೆ ಅಡ್ಡ ಬರ್ತದೆ, ಅಲೆ ಎದ್ದರೆ ಜಾರ್ತದೆ. ಅದರ ಬದಲು ಫೈಬರ್ ದೋಣಿಯ ನೆಲದ ಹಲಗೆಯಡಿ ಖಾಯಂ ಟ್ಯಾಂಕ್ ಕೂರಿಸಿದರೆ ಆಯ್ತಲ್ಲ?

ನಮ್ಮ ನಾಲ್ವರ ಮಿನಿ ಪ್ರಾಜೆಕ್ಟ್ ಇದೇ ಆಗಿತ್ತು. 60 ಲೀಟರಿನ ಪೆಟ್ರೋಲ್ ಟ್ಯಾಂಕ್. ಡ್ರಾಯಿಂಗ್ ಒಂದೇ ರಾತ್ರಿಯಲ್ಲಿ ಮುಗೀತು. ಮನೆಯ ತಾರಸಿ ಮೇಲಿನ ನೀರಿನ ಟ್ಯಾಂಕಿನ ಹಾಗೇ, ಮೇಲೆ ತುಂಬಿಸುವ ಬಾಯಿ, ತಳದಲ್ಲಿ ಔಟ್‌ಲೆಟ್. ದೋಣಿಯ ಯಜಮಾನರು ಅದನ್ನು ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲ ಮಾರಾಯ್ರೆ, ಅಡಿಯಲ್ಲಿ ಸೋರಿದ್ರೆ ಗೊತ್ತಾಗುದು ಹೇಗೆ?"

ನಮ್ಮ ಹತ್ರ ಉತ್ತರ ಇರಲಿಲ್ಲ.

ಸೋರಿದ್ದು ಎಲ್ಲಿಗೆ ಹೋಗ್ತದೆ?

ಹೊರಗಿಟ್ಟ ಕ್ಯಾನು ಸೋರಿದರೆ ಕಣ್ಣಿಗೆ ಕಾಣ್ತದೆ, ಆವಿ ಗಾಳಿಗೆ ಹಾರಿಹೋಗ್ತದೆ. ಹಲಗೆಯಡಿ ಹಾಗಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಮೂರು–ನಾಲ್ಕು ಪಟ್ಟು ಭಾರ. ತಳದಲ್ಲೇ ಕೂತುಬಿಡ್ತದೆ. ಗಾಳಿಯಲ್ಲಿ ಅದರ ಪಾಲು ಶೇ. 1.4 ದಾಟಿದರೆ ಒಂದು ಕಿಡಿ ಸಾಕು. ಲೆಕ್ಕ ಹಾಕಿ ನೋಡಿದೆವು: ಒಂದು ಘನ ಮೀಟರ್ ಜಾಗ ಆ ಮಟ್ಟ ಮುಟ್ಟಲು ಸುಮಾರು 60 ಮಿಲಿಲೀಟರ್ ಪೆಟ್ರೋಲ್ ಆವಿಯಾದರೆ ಆಯ್ತು. ನಮ್ಮ ಕ್ಯಾಂಟೀನಿನ ಬೈಟೂ ಕಾಫಿಯ ಒಂದು ಲೋಟ! ಬಿಲ್ಜ್ ಪಂಪಿನ ಸ್ವಿಚ್ಚೇ ಆ ಕಿಡಿ ಕೊಡಬಹುದು.

ಈ ಲೆಕ್ಕ ಆದಮೇಲೆ ಹಳೇ ಡ್ರಾಯಿಂಗ್ ಹರಿದು ಹೊಸತು ಶುರು ಮಾಡಿದೆವು.

ಎಲ್ಲ ತೂತೂ ಮೇಲೆಯೇ

ಪೆಟ್ರೋಲ್ ಟ್ಯಾಂಕಿನ ತಳಕ್ಕಾಗಲಿ ಬದಿಗಾಗಲಿ ತೂತು ಕೊರೆಯಬಾರದು. ಎಂಜಿನ್‌ಗೆ ಹೋಗುವ ನಳಿಕೆ ಮೇಲಿನಿಂದ ಇಳಿದು, ತಳಕ್ಕಿಂತ ಸ್ವಲ್ಪ ಮೇಲೆ ನಿಂತು ಪೆಟ್ರೋಲ್ ಹೀರಬೇಕು. ಆದರೂ ಒಂದು ಅಪಾಯ ಉಳೀತದೆ. ಪೈಪು ಟ್ಯಾಂಕಿಗಿಂತ ಕೆಳಗೆ ಹಾದು ಅಲ್ಲಿ ತುಂಡಾದರೆ, ಸೈಫನ್ ಆಗಿ ಇಡೀ ಟ್ಯಾಂಕ್ ಖಾಲಿಯಾಗಬಹುದು. ಅದಕ್ಕೇ ನಳಿಕೆಯ ತಲೆಯಲ್ಲಿ ಆಂಟಿ-ಸೈಫನ್ ವಾಲ್ವ್.

ಇನ್ನೊಂದು, ಉಸಿರಾಟದ ಪೈಪು, ಅಂದರೆ ವೆಂಟ್. ಪೆಟ್ರೋಲ್ ಖಾಲಿಯಾದಷ್ಟು ಗಾಳಿ ಒಳಬರದಿದ್ದರೆ ಎಂಜಿನ್ ನಡುನೀರಲ್ಲಿ ನಿಲ್ತದೆ. ವೆಂಟಿನ ತುದಿ ದೋಣಿಯ ಹೊರಮೈಗೇ ತೆರೆಯಬೇಕು, ಬಾಯಲ್ಲಿ ಬೆಂಕಿ ತಡೆಯುವ ಜಾಲರಿ ಇರಬೇಕು.

ಕ್ಯಾನನ್ನು ನೆಲದ ಮೇಲಿಟ್ಟು ತುಂಬಿಸಬಹುದು, ಖಾಯಂ ಟ್ಯಾಂಕನ್ನು ಕೂತಲ್ಲೇ ತುಂಬಿಸಬೇಕು. ಪೆಟ್ರೋಲ್ ಹರಿಯುವಾಗ ಸ್ಥಾಯೀ ವಿದ್ಯುತ್ ಹುಟ್ಟುತ್ತದೆ. ರಬ್ಬರ್ ಪೈಪು ಅದನ್ನು ಹರಿಯಬಿಡುವುದಿಲ್ಲ. ಆದ್ದರಿಂದ ತುಂಬಿಸುವ ಲೋಹದ ಬಾಯಿಯಿಂದ ಟ್ಯಾಂಕಿಗೆ, ಅಲ್ಲಿಂದ ದೋಣಿಯ ಗ್ರೌಂಡಿಗೆ ತಂತಿ ಎಳೆಯಬೇಕು. ಅಮೆರಿಕದ ನಿಯಮದಲ್ಲಿ ಈ ದಾರಿಯ ರೋಧ 100 ಓಮ್‌ಗಿಂತ ಕಡಿಮೆ ಇರಬೇಕು. ನಮ್ಮ ಲ್ಯಾಬಿನ ಮಲ್ಟಿಮೀಟರ್ ಸಾಕು.

ಯಾವ ಟ್ಯಾಂಕ್?

ದೋಣಿಯ ಫೈಬರಿನಲ್ಲೇ ಟ್ಯಾಂಕೂ ಮಾಡೋಣ ಅಂದುಕೊಂಡಿದ್ದೆವು, ಬೇಡ. ಪೆಟ್ರೋಲಿನಲ್ಲಿ ಈಗ ಶೇ. 20ರವರೆಗೆ ಎಥೆನಾಲ್ ಇದೆ. ಅದು ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ನನ್ನು ಮೆತ್ತಗೆ ಮಾಡ್ತದೆ. ಅಲ್ಯೂಮಿನಿಯಂ ಒಳ್ಳೆಯದು, ಆದರೆ ಅಡಿಗೆ ನೀರು ಹೀರುವ ಸ್ಪಂಜು, ಗೋಣಿ ಹಾಕಿದರೆ ಉಪ್ಪುನೀರು ನಿಂತು ಚುಕ್ಕಿಚುಕ್ಕಿಯಾಗಿ ತಿಂದುಹಾಕ್ತದೆ. ನೀರು ಹೀರದ ರಬ್ಬರ್ ಪಟ್ಟಿ ಕೊಟ್ಟು, ಸುತ್ತ ಗಾಳಿಯಾಡಲು ಜಾಗ ಬಿಡಬೇಕು. ಪ್ಲಾಸ್ಟಿಕ್ ಟ್ಯಾಂಕ್ ಪೆಟ್ರೋಲ್ ತುಂಬಿದ ಮೇಲೆ ಸುಮಾರು ಶೇ. 2ರಷ್ಟು ಉಬ್ಬುವುದರಿಂದ ಅದಕ್ಕೂ ಜಾಗ ಬೇಕು.

60 ಲೀಟರ್ ಅಂದರೆ ಸುಮಾರು 45 ಕೆ.ಜಿ. ಅಲೆಗೆ ಅಷ್ಟೂ ಒಂದೇ ಕಡೆ ನುಗ್ಗದಂತೆ ಒಳಗೆ ಅಡ್ಡತಟ್ಟೆ, ಹೊರಗೆ ಬಿಗಿಯಾದ ಪಟ್ಟಿ ಇರಲೇಬೇಕು.

ಮುಚ್ಚುವ ಮುಂಚೆ

ಪೆಟ್ರೋಲ್ ಹಾಕುವ ಮೊದಲೇ ಎಲ್ಲ ಬಾಯಿ ಮುಚ್ಚಿ 0.2 ಬಾರ್ ಗಾಳಿ ಕೊಡಿ, ಜಾಸ್ತಿ ಬೇಡ, ಟ್ಯಾಂಕ್ ಉಬ್ಬೀತು. ಜೋಡಣೆಗಳಿಗೆ ಸೋಪುನೀರು ಹಚ್ಚಿ. ಗುಳ್ಳೆ ಬಂದರೆ ಅಲ್ಲೇ ಸೋರಿಕೆ.

ಯಜಮಾನರಿಗೆ ಕೊನೆಗೆ ಕೊಟ್ಟ ಉತ್ತರ ಮೂರು ಭಾಗದ್ದು. ಜೋಡಣೆಗಳ ಮೇಲೆ ತೆಗೆದು ನೋಡುವಂಥ ಮುಚ್ಚಳ. ತಳದ ಗಾಳಿ ಹೊರಗೆಳೆಯುವ, ಕಿಡಿ ಹಾರದ ಬ್ಲೋವರ್. ಎಂಜಿನ್ ಶುರು ಮಾಡುವ ಮೊದಲು 4 ನಿಮಿಷ ಓಡಬೇಕು. ಅದಕ್ಕೂ ಮುಂಚೆ ಮುಚ್ಚಳ ತೆಗೆದು ಮೂಸಿ ನೋಡುವ ಅಭ್ಯಾಸ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬಾರದು, ಬ್ಲೋವರಿನದ್ದನ್ನೂ.

ಅವರು ನಕ್ಕು, "ಮೂಗು ಮೊದಲೇ ಇತ್ತು, ಮುಚ್ಚಳ ಈಗ ಬಂತು" ಅಂದರು.