ಮೇಸ್ತ್ರಿಗೆ ಮುಂಗಡ ಕೊಡುವ ಮುನ್ನ

ಬ್ರಹ್ಮಸಮುದ್ರದ ಸೀಮೆಯಲ್ಲಿ ಮಣ್ಣಿನ ಮಾಳಿಗೆಯ ಹಳೆಯ ಮನೆಗಳನ್ನು ಇಳಿಸಿ ತಾರಸಿ ಹಾಕಿಸುವ ಕುಟುಂಬಗಳು ಅನೇಕ. ಮಾಳಿಗೆಯ ಕಾಲಕ್ಕೆ ಬಾಯಿಮಾತೇ ಸಾಕಾಗಿತ್ತು. ಸೋರಿದರೆ ಮರುವರ್ಷ ಮತ್ತೆ ಮಣ್ಣು ಹೊರಿಸಬಹುದಿತ್ತು. ತಾರಸಿಯ ತಪ್ಪು ಹಾಗೆ ತಿದ್ದಲು ಬರುವುದಿಲ್ಲ. ಹಲವು ವರ್ಷಗಳ ಶೇಂಗಾ ಬೆಳೆಯ ಉಳಿತಾಯ ಒಂದೇ ದಿನದ ಕಾಂಕ್ರೀಟಿಗೆ ಸಲ್ಲುತ್ತದೆ.

ನಾವೂ ಒಮ್ಮೆ ಬಾಯಿಮಾತನ್ನೇ ನಂಬಿ ಕೆಲಸ ಹಿಡಿಸಿದೆವು. ದರ ಚದರಕ್ಕೆ, ಅಂದರೆ 100 ಚದರ ಅಡಿಗೆ ಇಷ್ಟೆಂದು ನಿಗದಿಯಾಗಿತ್ತು. ಸಜ್ಜೆ, ಮೆಟ್ಟಿಲುಗಳು ಆ ಅಳತೆಗೆ ಸೇರುತ್ತವೆಯೇ ಎಂಬುದನ್ನು ಯಾರೂ ಕೇಳಿರಲಿಲ್ಲ. ಲೆಕ್ಕದ ದಿನ ಮಾತಿಗೆ ಮಾತು ಬೆಳೆಯಿತು. ಸುಳ್ಳಾಡಿದವರು ಯಾರೂ ಇಲ್ಲ. ಆಡದೆ ಉಳಿದ ಮಾತೇ ಜಗಳಕ್ಕೆ ಮೂಲವಾಯಿತು.

1872ರ ಭಾರತೀಯ ಕರಾರು ಕಾಯಿದೆಯಂತೆ ಬಾಯಿಮಾತಿನ ಒಪ್ಪಂದಕ್ಕೂ ಬೆಲೆಯುಂಟು. ಅದನ್ನು ರುಜುವಾತುಪಡಿಸುವುದು ಕಷ್ಟ. ಆದುದರಿಂದ ಇಷ್ಟನ್ನಾದರೂ ಬರೆಯಿಸಬೇಕು: ಗುತ್ತಿಗೆ ಕೂಲಿಗೆ ಮಾತ್ರವೋ, ಸಾಮಾನು ಸಹಿತವೋ, ಅಳತೆಗೆ ಯಾವುದೆಲ್ಲ ಸೇರುವುದು, ಯಾವ ಹಂತಕ್ಕೆ ಎಷ್ಟು ಹಣ. ಇಲ್ಲಿ ಪತ್ರ ತೆಲುಗಿನಲ್ಲಿರುವುದು ಸಹಜ. ತೆಲುಗನ್ನು ಆಡಬಲ್ಲ, ಆದರೆ ಓದಲಾರದ ಹಿರಿಯರು ಅದನ್ನು ಮಕ್ಕಳಿಂದ ಓದಿಸಿ, ಕನ್ನಡದಲ್ಲಿಯೂ ಒಂದು ಪ್ರತಿ ಮಾಡಿಸಿ, ಎರಡಕ್ಕೂ ರುಜು ಹಾಕಿಸಬೇಕು.

ಕೊನೆಯ ಕಂತನ್ನು ತಾರಸಿಗೆ ನೀರುಣಿಸುವ ಕೆಲಸ ಮುಗಿಯುವವರೆಗೆ ಉಳಿಸಿಕೊಳ್ಳುವುದು ಲೇಸು. ಒಣಹವೆ, ಬಿಸಿಲುಗಳ ಸೀಮೆಯಲ್ಲಿ ಕಾಂಕ್ರೀಟು ಕನಿಷ್ಠ 10 ದಿನ ಒದ್ದೆಯಾಗಿರಬೇಕೆಂದು ಭಾರತೀಯ ಮಾನಕ ಸಂಸ್ಥೆಯ 2000ದ ಸಂಹಿತೆ ವಿಧಿಸಿದೆ.

ಹೀಗೆ ಬರೆದಿಟ್ಟರೆ ಮೇಸ್ತ್ರಿಗೂ ತಮ್ಮ ಕೂಲಿಯ ಭರವಸೆಯಿರುತ್ತದೆ. ಗೃಹಪ್ರವೇಶದ ದಿನ ಅವರನ್ನೂ ನಗುಮುಖದಿಂದ ಊಟಕ್ಕೆ ಕೂರಿಸಬಹುದು.